ಮೊದಲ ಗುಟುಕು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗದಿಗೆಮ್ಮ ಉಪ್ಪಲ್‌ನ, ಕುಡಿತ ಬಿಡಿಸುವ ಸಮಾಲೋಚನಾ ಕೇಂದ್ರದ ಹೊರಗಿನ ನಲ್ಲಿಯಲ್ಲಿ ಉಗುರಿನ ಸಿಮೆಂಟ್ ತಿಕ್ಕಿ ತೆಗೆಯುತ್ತಿದ್ದಳು. ಒಳಗೆ ಹದಿನಾರು ವರ್ಷದ ಮಗಳು ಭಾಗ್ಯಶ್ರೀ ಗೋಡೆಯತ್ತ ಮುಖ ಮಾಡಿ ಕೂತಿದ್ದಳು. ಮಧ್ಯಾಹ್ನದೊಳಗೆ ಕಳ್ಳು ಸಿಗದಿದ್ದರೆ ಅವಳ ಕೈ ನಡುಗುತ್ತಿತ್ತು.

ಗದಿಗೆಮ್ಮ ಮತ್ತು ಗಂಡ ಬೂದೆಪ್ಪ ಯಾದಗಿರಿ ಕಡೆಯವರು. ಹದಿನೇಳು ವರ್ಷದಿಂದ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ. ಅವಳು ಒಮ್ಮೆಗೆ ಹನ್ನೆರಡು ಇಟ್ಟಿಗೆ ಹೊರುತ್ತಾಳೆ.

ಕೇಂದ್ರದ ಸಮಾಲೋಚಕಿ ಪ್ರಿಯಂವದಾ ಮನೆಯವರಿಲ್ಲದೆ ಮಕ್ಕಳೊಂದಿಗೆ ಮಾತು ಶುರು ಮಾಡುವುದಿಲ್ಲ. ಬೂದೆಪ್ಪ ಒಮ್ಮೆಯೂ ಬರಲಿಲ್ಲ, "ಕುಡಿಯಾಕಿ ಅಕಿ, ಕ್ಲಾಸು ನನಗ್ಯಾಕ?" ಎಂದನಂತೆ. ಗದಿಗೆಮ್ಮ ಮೂರು ವಾರ ಬಂದು ಒಂದೇ ಮಾತು ಹೇಳಿದ್ದಳು: ನಾಚಾರಂನ ಗೆಳತಿಯರು ಕೆಡಿಸಿದರು. ಇವತ್ತೂ ಅದೇ ಹೇಳಿದರೆ ಮತ್ತೆ ಇಲ್ಲಿ ಕಾಲಿಡುವುದಿಲ್ಲ ಎಂದು ಮಗಳು ಬಸ್ಸಿನಲ್ಲೇ ಎಚ್ಚರಿಸಿದ್ದಳು.

"ನನ್ನ ಮಗಳು ಭಾಳ ಚಲೋ ಇದ್ದಳ್ರಿ ಅಕ್ಕಾರ. ಆ ಹುಡುಗೇರು..." ಒಳಗೆ ಬಂದು ಕೂತೊಡನೆ ಗದಿಗೆಮ್ಮ ಶುರು ಮಾಡಿದಳು.

"ಶುರು ಆತ್ ನೋಡ್ರಿ ರೆಕಾರ್ಡ್!" ಭಾಗ್ಯಶ್ರೀ ಎದ್ದಳು. "ಬಟನ್ ಒತ್ತದ ಇದ್ರೂ ಹಾಡ್ತೈತಿ."

ಪ್ರಿಯಂವದಾ ಅವಳನ್ನು ತಡೆಯಲಿಲ್ಲ. ನಮೂನೆಯಲ್ಲಿ ಖಾಲಿ ಉಳಿದಿದ್ದ ಒಂದು ಪ್ರಶ್ನೆ ಕೇಳಿದರು. "ಮೊದಲನೇ ಸಲ ಕಳ್ಳು ಕುಡಿದಾಗ ನಿನಗ ವಯಸ್ಸೆಷ್ಟವಾ?"

"ಹದಿನಾಲ್ಕು ಅಂತ ಬರಕೋರಿ," ಎಂದಳು ಭಾಗ್ಯಶ್ರೀ, ಬಾಗಿಲ ಚಿಲಕಕ್ಕೆ ಕೈಯಿಟ್ಟು.

"ಅಲ್ಲರಿ," ಎಂದಳು ಗದಿಗೆಮ್ಮ.

ಮಗಳು ಅಲ್ಲೇ ನಿಂತಳು.

"ಪಟಾನ್‌ಚೆರು ಸೈಟಿನ್ಯಾಗ ಸೀರೀಲೆ ಜೋಲಿ ಕಟ್ಟಿದ್ದೆ. ಕೂಸು ಒಂದಸವನ ಅಳ್ತಿತ್ತು. ಕೆಲಸ ಬಿಟ್ಟು ಮ್ಯಾಲಿಂದ ಇಳಿದು ಬಂದ್ರ ಮೇಸ್ತ್ರಿ ಬೈತಿದ್ದ. ಅರಿವಿ ಚುಂಗು ಕಳ್ಳಿನ್ಯಾಗ ಅದ್ದಿ ಬಾಯಾಗಿಟ್ಟೆ. ಮಲಗಿತು. ಮರುದಿನಾನೂ ಇಟ್ಟೆ. ಅಲ್ಲಿ ಎಲ್ಲಾರೂ ಇಡ್ತಿದ್ರು ಅಕ್ಕಾರ. ನಾ ಔಷಧ ಅಂದ್ಕೊಂಡಿದ್ದೆ."

ಫ್ಯಾನಿನ ಗಾಳಿಗೆ ನಮೂನೆಯ ಹಾಳೆ ಮಗುಚಿತು. ಪ್ರಿಯಂವದಾ ಅದನ್ನು ಸರಿಮಾಡಿದರು, ಏನೂ ಬರೆಯಲಿಲ್ಲ.

"ಆಗ ನಾ ಎಷ್ಟು ದೊಡ್ಡಾಕಿ ಇದ್ದೆ?" ಮಗಳೇ ಕೇಳಿದಳು. ಅವಳ ಕೈ ಚಿಲಕ ಬಿಟ್ಟಿತ್ತು.

ಭಾಗ್ಯಶ್ರೀ ಆಮೇಲೆ ಒಂಬತ್ತು ವಾರ ತಪ್ಪದೆ ಬಂದಳು. ಈಗ ಕೆಲವು ವಾರ ಬರುತ್ತಾಳೆ, ಕೆಲವು ವಾರ ತಾಯಿ ಒಬ್ಬಳೇ ಬರುತ್ತಾಳೆ. ಕಳ್ಳು ಪೂರ್ತಿ ಬಿಟ್ಟಿಲ್ಲ. ಗೆಳತಿಯರ ಹೆಸರನ್ನು ಗದಿಗೆಮ್ಮ ಮತ್ತೆ ಎತ್ತಿಲ್ಲ. ಜೋಲಿಯ ಮಾತನ್ನೂ ಆಡಿಲ್ಲ. ಅಂದು ಮಗಳ ಪ್ರಶ್ನೆಗೆ ಅವಳು ಹೇಳಿದ್ದು ಇಷ್ಟೇ:

"ಏಳು ತಿಂಗಳು."