ಕೊನೆಯ ಸಾಲಿನ ಸೊನ್ನೆ

“ಅಕ್ಕ, ಪ್ರೋಗ್ರಾಂ ಅಂದ್ರೆ ನಾವು ಕೆಲಸಕ್ಕೆ ಕಳಿಸಿದ ಆಳು ಅಂದ್ಕೋ. ಒಂದು ಸಾಲು ಟೈಪ್ ಮಾಡಿ, ಹೋಗಿ ಬಾ ಅಂತ ಕಳಿಸ್ತೀವಿ. ದಾರಿಯಲ್ಲಿ ಅವನು ಏನು ಮಾಡ್ದ, ಎಲ್ಲಿ ಎಡವಿದ ಅಂತ ನಾವು ನೋಡ್ತಾ ಕೂರಲ್ಲ. ವಾಪಸ್ ಬಂದು ಬಾಗಿಲಲ್ಲಿ ನಿಂತು ಒಂದೇ ಒಂದು ಸಂಖ್ಯೆ ಹೇಳಿ ಹೊರಟುಹೋಗ್ತಾನೆ. ಸೊನ್ನೆ ಅಂದ್ರೆ ಹೇಳಿದ ಕೆಲಸ ಆಯ್ತು. ಬೇರೆ ಏನಂದ್ರೂ ಆಗಲಿಲ್ಲ. ಆದ್ರೆ ಯಾಕೆ ಆಗಲಿಲ್ಲ ಅನ್ನೋದೂ ಆ ಸಂಖ್ಯೆಯಲ್ಲೇ ತಿಳೀಬೇಕಲ್ವಾ? ನಮ್ಮ ಆಸ್ಪತ್ರೆಯ ಔಷಧಿ ವಿಭಾಗದ ಆಳು ‘ಒಂದು’ ಅಂದ್ರೆ ಹುಡುಕಿದೆ, ಸಿಗಲಿಲ್ಲ ಅಂತ. ರಕ್ತ ಪರೀಕ್ಷೆಯವನು ‘ಒಂದು’ ಅಂದ್ರೆ ಯಂತ್ರವೇ ಕೆಟ್ಟಿದೆ ಅಂತ. ಉಗ್ರಾಣದವನಂತೂ ಮನೆಗೆ ಬೆಂಕಿ ಬಿದ್ರೂ ಸೊನ್ನೆ ಅಂತಾನೆ. ಎಲ್ಲರಿಗೂ ಒಂದೇ ಪಟ್ಟಿ ಇರ್ಲಿ ಅಂತ ಆರು ವರ್ಷದಿಂದ ಬಾಯಿ ಬಡ್ಕೋತಿದೀನಿ.”

ಹೀಗೆ ತಮ್ಮ ಹೇಳುತ್ತಿದ್ದರೆ ಅಕ್ಕ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿ ಕೇಳುತ್ತಿದ್ದಳು. ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಆದರೂ ಅವನು ಮಾತಾಡುವಾಗ ಯಂತ್ರ ಓಡಿಸುತ್ತಿರಲಿಲ್ಲ.

“ಸೊನ್ನೆ ಅಂದ್ರೆ ಒಳ್ಳೇದಾ? ನೀನು ಸ್ಕೂಲಿಂದ ಸೊನ್ನೆ ತಂದಾಗ ನಾನು ಸುಮ್ನೆ ಹೊಡೆದೆ ಹಾಗಾದ್ರೆ.”

“ಅದು ಬೇರೆ ಸೊನ್ನೆ ಅಕ್ಕ.”

“ಇರ್ಲಿ. ಅವನು ಸೊನ್ನೆ ಅಂದ, ನೀನು ನಂಬಿದೆ. ಎಳೆದು ನೋಡಲ್ವಾ?”

ಎಳೆದು ನೋಡುವುದು ಅವಳ ಕಸುಬಿನ ಮಾತು. ಹೊಲಿದು ಮುಗಿಸಿದ ಪ್ರತಿ ಬಟ್ಟೆಯನ್ನೂ ಎರಡು ಕೈಯಲ್ಲಿ ಹಿಡಿದು, ಹೊಲಿಗೆಯ ಆಚೀಚೆ ಜಗ್ಗಿ ನೋಡದೆ ಕೊಡುತ್ತಿರಲಿಲ್ಲ. ಕೊನೆಯ ಗಂಟು ಚೆನ್ನಾಗಿದ್ದರೂ ನಡುವೆ ಎಲ್ಲೋ ನೂಲು ಕೂತಿರದೆ ಇರಬಹುದು ಎಂಬುದು ಅವಳು ಕಂಡುಕೊಂಡ ಸತ್ಯ.

“ಅದಕ್ಕೇ ತಾನೇ ಸಂಖ್ಯೆ ಇರೋದು. ದಿನಾ ಎಲ್ಲಾನೂ ಎಳೆದು ನೋಡ್ತಾ ಕೂತ್ರೆ ಆಸ್ಪತ್ರೆ ನಡೆಯುತ್ತಾ?” ಎಂದು ಅವನು ನಕ್ಕ.

ಅವನು ದೊಡ್ಡದೊಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯವನು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಮೂರು ಕಾಲಕ್ಕೂ ಒಂದೇ ಚಳಿ, ಫ್ಯಾನುಗಳ ಗುಂಯ್‌ಗುಡುವ ಸದ್ದು. ಇಪ್ಪತ್ತೆರಡು ವರ್ಷ ಅಲ್ಲೇ ಕಳೆದಿದ್ದ. ತಾಯಿ ಹೋದಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನಾರು. ಅಂದಿನಿಂದ ಅವಳೇ ಹೊಲಿದು ಸಾಕಿದಳು. ಅವಳು ಮದುವೆಯಾಗಲಿಲ್ಲ, ಅವಳನ್ನು ನೋಡಿ ಅವನೂ ಆಗಲಿಲ್ಲ. ಆಫೀಸಿನಲ್ಲಿ ಅವನಿಗೆ ‘ಸೊನ್ನೆ ಮೇಷ್ಟ್ರು’ ಎಂದೇ ಹೆಸರು. ಎರಡು ಹಾಳೆಯ ಪಟ್ಟಿ ಹಿಡಿದು ವಿಭಾಗದಿಂದ ವಿಭಾಗಕ್ಕೆ ಅಲೆಯುತ್ತಿದ್ದ. ಸೊನ್ನೆ, ಆಯಿತು. ಒಂದು, ಹುಡುಕಿದ್ದು ಇಲ್ಲ. ಎರಡು, ಕೇಳಿದ್ದೇ ತಪ್ಪು. ಮೂರು, ಮುಟ್ಟಿಸಲಾಗಲಿಲ್ಲ. ಹೀಗೆ ಹನ್ನೊಂದರವರೆಗೆ.

“ನಡೀತಿದೆಯಲ್ಲ ಮೇಷ್ಟ್ರೇ, ಯಾಕೆ ಕೆದಕ್ತೀರಿ?” ಎನ್ನುತ್ತಿದ್ದರು ಮೇಲಧಿಕಾರಿ. “ನಂಗೆ ನಿಮ್ಮ ಸಂಖ್ಯೆ ಗಿಂಖ್ಯೆ ಬೇಡ. ದಿನಾ ಸಂಜೆ ದಾಖಲೆಯಲ್ಲಿ ‘ಮುಗಿಯಿತು’ ಅಂತ ಒಂದು ಮಾತು ಕಾಣಿಸ್ಲಿ, ಸಾಕು.”

ಅವರ ಬಾಯಿ ಮುಚ್ಚಿಸಲು ಅವನು ಹಾಗೇ ಮಾಡಿದ. ರಕ್ತ ಪರೀಕ್ಷೆಯ ವರದಿಗಳನ್ನು ಸಂಜೆ ಆರಕ್ಕೆ ಡಾಕ್ಟರುಗಳಿಗೆ ಕಳಿಸುವ ಪ್ರೋಗ್ರಾಮಿನ ತುದಿಗೆ ಒಂದು ಸಾಲು ಸೇರಿಸಿದ. ವೇಳೆ ಬರೆದು, ಪಕ್ಕದಲ್ಲಿ ‘ಮುಗಿಯಿತು’ ಎಂದು ಬರೆಯುವ ಸಾಲು.

ಎರಡು ತಿಂಗಳ ಮೇಲೆ ಅಕ್ಕ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದಳು.

“ಏನಾಯ್ತಕ್ಕ?”

“ಏನಿಲ್ಲ ಬಿಡೋ.”

ಅವಳ ಬಾಯಲ್ಲಿ ಯಾವಾಗಲೂ ಅದೇ ಮಾತು. ಜ್ವರ ಬಂದರೂ ಏನಿಲ್ಲ, ಬೆರಳಿಗೆ ಸೂಜಿ ಹೊಕ್ಕರೂ ಏನಿಲ್ಲ. ಈ ಸಲ ಮಾತ್ರ ಅವನು ಬಿಡದೆ ತನ್ನ ಆಸ್ಪತ್ರೆಗೇ ಎಳೆದುಕೊಂಡು ಹೋಗಿ ರಕ್ತ ಕೊಡಿಸಿದ. “ಎರಡು ದಿನದಲ್ಲಿ ವರದಿ ಡಾಕ್ಟ್ರಿಗೆ ಹೋಗುತ್ತೆ. ಕೆಟ್ಟದ್ದೇನಾದ್ರೂ ಇದ್ರೆ ಅವರೇ ಫೋನ್ ಮಾಡ್ತಾರೆ,” ಎಂದರು ರಕ್ತ ತೆಗೆದವರು.

ಎರಡು ದಿನವಾಯಿತು, ನಾಲ್ಕಾಯಿತು, ಫೋನ್ ಬರಲಿಲ್ಲ. ಬೆಳಿಗ್ಗೆ ಕೋಣೆಗೆ ಹೋದವನೇ ಅವನು ಹಿಂದಿನ ಸಂಜೆಯ ಸಂಖ್ಯೆ ನೋಡುತ್ತಿದ್ದ. ಸೊನ್ನೆ. ಮರುದಿನವೂ ಸೊನ್ನೆ. ವರದಿ ಹೋಗಿದೆ, ಡಾಕ್ಟರು ನೋಡಿದ್ದಾರೆ, ಕೆಟ್ಟದ್ದೇನೂ ಇಲ್ಲ. ಮನೆಗೆ ಬಂದು ಹೇಳಿದ, “ಏನಿಲ್ವಂತೆ ಅಕ್ಕ.”

“ನಾ ಹೇಳ್ಲಿಲ್ವಾ,” ಎಂದಳು ಅವಳು.

ಹನ್ನೊಂದನೆಯ ದಿನ ಹೊಲಿಯುತ್ತ ಕೂತವಳು ಯಂತ್ರದ ಮೇಲೆಯೇ ತಲೆಯಿಟ್ಟಳು. ಆಸ್ಪತ್ರೆಗೆ ಸೇರಿಸಿದಾಗ, ವರದಿ ಹೋಗಬೇಕಿದ್ದ ಡಾಕ್ಟರಮ್ಮನೇ ಕೇಳಿದರು, “ಇವರದ್ದು ರಕ್ತ ಪರೀಕ್ಷೆ ಆಗಿದೆ ಅಂತೀರಿ, ವರದಿ ಎಲ್ಲಿ? ನನಗೆ ಹತ್ತು ದಿನದಿಂದ ಯಾರದ್ದೂ ಬಂದಿಲ್ಲ. ಪರೀಕ್ಷೆಯವರೇ ತಡ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ.”

ಅವನು ಕೆಳಗೆ ಓಡಿದ. ಡಾಕ್ಟರಮ್ಮನ ವಿಭಾಗದ ಕಂಪ್ಯೂಟರ್ ಬದಲಾಗಿತ್ತು, ಹೊಸದರ ವಿಳಾಸವನ್ನು ಯಾರೂ ತಿಳಿಸಿರಲಿಲ್ಲ. ಆಳು ದಿನಾ ಹೋಗಿ ಮುಚ್ಚಿದ ಬಾಗಿಲು ಬಡಿದು ವಾಪಸಾಗಿದ್ದ. ಆದರೂ ಸೊನ್ನೆ ಯಾಕೆ ಹೇಳಿದ? ಸಾಲು ಸಾಲಾಗಿ ಓದುತ್ತ ಬಂದವನ ಕಣ್ಣು ಕೊನೆಯ ಸಾಲಿನಲ್ಲಿ ನಿಂತಿತು. ಇಂಥ ಪ್ರೋಗ್ರಾಂ ಹೊರಡುವಾಗ ಹೇಳುವುದು ತಾನು ಕಟ್ಟಕಡೆಗೆ ಮಾಡಿದ ಕೆಲಸದ ಸಂಖ್ಯೆ. ವರದಿ ಮುಟ್ಟಿರಲಿಲ್ಲ. ‘ಮುಗಿಯಿತು’ ಎಂದು ಬರೆದದ್ದು ಮಾತ್ರ ಸರಿಯಾಗಿತ್ತು. ಅದಕ್ಕೆ ಸೊನ್ನೆ. ಊರಿಗೆಲ್ಲ ಇದನ್ನೇ ಪಾಠ ಹೇಳಿಕೊಂಡು ತಿರುಗಿದವನು ತನ್ನ ಕೈಯಾರೆ ಬರೆದ ಸಾಲು.

ಅಲ್ಲಿ ಹೋಗದೆ ಉಳಿದ ನೂರೆಂಬತ್ತು ಜನರ ವರದಿಗಳಿದ್ದವು. ಮೇಲೆ ಅಕ್ಕ ಹಾಗೆ ಮಲಗಿದ್ದರೂ ಅವನು ಎರಡು ತಾಸು ಅಲ್ಲೇ ಕೂತು ಎಲ್ಲವನ್ನೂ ಕಳಿಸಿ, ಮುಟ್ಟಿತೇ ಎಂದು ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೇ ಎದ್ದ.

“ವಾರದ ಹಿಂದೆ ಗೊತ್ತಾಗಿದ್ರೆ…” ಎಂದು ಅವನು ಮೇಲೆ ಬಂದಾಗ ಡಾಕ್ಟರಮ್ಮ ಶುರು ಮಾಡಿ, ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮೂರನೆಯ ದಿನ ಅಕ್ಕನಿಗೆ ಸ್ವಲ್ಪ ಎಚ್ಚರವಿತ್ತು. ಅವನು ಏನನ್ನೂ ಮುಚ್ಚಿಡದೆ ಹೇಳಿದ. ಅವಳು ಎಂದಿನಂತೆ ಪೂರ್ತಿ ಕೇಳಿಸಿಕೊಂಡಳು.

“ಆ ಆಳು ಸುಳ್ಳು ಹೇಳಿದ್ನಾ?”

“ಇಲ್ಲಕ್ಕ. ಪುಸ್ತಕದಲ್ಲಿ ಬರೆದ್ಯಾ ಅಂತ ನಾನು ಕೊನೇಲಿ ಕೇಳಿದ್ದೆ. ಬರೆದೆ ಅಂದ. ತಪ್ಪು ಕೇಳಿದ್ದು ನಾನು.”

“ನಂಗೆ ಆರು ತಿಂಗಳಿಂದ ನೋವಿತ್ತು ಕಣೋ. ನಾನೇ ಏನಿಲ್ಲ ಅಂತಿದ್ದೆ. ನನ್ನ ಸೊನ್ನೆಗೂ ನಿನ್ನ ಸೊನ್ನೆಗೂ ಸರಿಹೋಯ್ತು ಬಿಡು.”

ಅದು ನಿಜವೋ, ತಮ್ಮನ ಎದೆ ಹಗುರ ಮಾಡಲೆಂದು ಹೇಳಿದ್ದೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ. ಅದಾಗಿ ಐದು ದಿನಕ್ಕೆ ಕೇಳುವುದಕ್ಕೆ ಅವಳೇ ಇರಲಿಲ್ಲ.

ಆರು ವರ್ಷ ಆಗದ ಕೆಲಸ ಒಂದು ಮಧ್ಯಾಹ್ನದಲ್ಲಿ ಆಯಿತು. ಮೇಲಧಿಕಾರಿ ಸಭೆ ಕರೆದು, ಇನ್ನು ಎಲ್ಲ ವಿಭಾಗಕ್ಕೂ ಇದೇ ಪಟ್ಟಿ ಎಂದು ಸಹಿ ಹಾಕಿದರು. “ನಿಮ್ಮ ಹೆಸರು ಹಾಕೋಣ,” ಎಂದರು. ಅವನು ಬೇಡವೆಂದ. ಹೆಸರಿಗಿಟ್ಟ ಜಾಗದಲ್ಲಿ ಒಂದು ಸಾಲು ಬರೆದ: ‘ಹೊರಡುವಾಗ ಹೇಳುವ ಸಂಖ್ಯೆ ಮುಖ್ಯ ಕೆಲಸದ್ದಾಗಿರಬೇಕು, ಕೊನೆಯ ಕೆಲಸದ್ದಲ್ಲ.’ ಹಾಳೆ ಎಲ್ಲ ಗೋಡೆಗಳಿಗೂ ಅಂಟಿತು. ಸೊನ್ನೆ ಮೇಷ್ಟ್ರು ಎಂದು ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

ಸಭೆ ನಡೆದ ಸಂಜೆ ಅವನು ಮನೆಗೆ ಬಂದಾಗ ಕೆಳಗಿನ ಮನೆಯಾಕೆ ಅಕ್ಕನಿಗೆ ಹೊಲಿಯಲು ಕೊಟ್ಟಿದ್ದ ರವಿಕೆ ಕೇಳಿಕೊಂಡು ಬಂದರು. ಅಕ್ಕ ಮುಗಿಸಿಯೇ ಇಟ್ಟಿದ್ದಳು. ಅವನು ಅದನ್ನು ಕೈಗೆತ್ತಿಕೊಂಡು, ತೋಳಿನ ಹೊಲಿಗೆಯನ್ನು ಎರಡೂ ಕಡೆ ಹಿಡಿದು ಜಗ್ಗಿದ. ನೂಲು ಬಿಡಲಿಲ್ಲ. ಮಡಚಿ ಕೊಟ್ಟ.

“ನೀವು ಹೇಗಿದ್ದೀರಪ್ಪ?” ಎಂದರು ಆಕೆ.

“ಏನಿಲ್ಲ…” ಎಂದವನು ತಡೆದು, “ಚೆನ್ನಾಗಿಲ್ಲಮ್ಮ,” ಎಂದ.

ಆಕೆ ರವಿಕೆ ತೆಗೆದುಕೊಂಡು ಹೋದರು. ಅವನು ಪೊರಕೆ ತಂದು ಯಂತ್ರದ ಕೆಳಗೆ ಬಗ್ಗಿದ. ಹೊಲಿಗೆ ಮುಗಿದ ಮೇಲೆ ಅಕ್ಕ ದಿನಾ ಗುಡಿಸುತ್ತಿದ್ದ ಜಾಗ. ನೂಲಿನ ತುಂಡುಗಳು ಮೂಲೆಯಲ್ಲಿ ಸುತ್ತಿಕೊಂಡಿದ್ದವು, ಎರಡು ಗುಂಡಿ, ಒಂದು ಮುರಿದ ಸೂಜಿ. ಸೂಜಿಯನ್ನು ಕಾಗದದಲ್ಲಿ ಸುತ್ತಿಟ್ಟು, ಉಳಿದ ಕಸವನ್ನು ಮೊರಕ್ಕೆ ಎಳೆದುಕೊಂಡ.