ಒಂದು ಕಿಲೋ ಕಲ್ಲುಪ್ಪು

ಮುಂಬೈಯಲ್ಲಿ ನನ್ನ ಮೊದಲ ಸ್ನಾನದ ದಿನ ಸೋಪು ನೊರೆ ಕೊಡಲಿಲ್ಲ. ಉಜ್ಜಿದಷ್ಟೂ ಅದು ಒಡೆದ ಹಾಲಿನ ಹಾಗೆ ಬಿಳಿ ಚೂರುಗಳಾಗಿ ಮೈಗೆ ಅಂಟಿಕೊಂಡಿತು. ನೀರು ಸುರಿದರೆ ಚೂರು ಹೋಯಿತು, ಜಿಗುಟು ಹೋಗಲಿಲ್ಲ. ತಲೆಗೆ ಹಾಕಿಕೊಂಡ ನೀರು ಕೂದಲನ್ನು ತೆಂಗಿನ ನಾರು ಮಾಡಿಬಿಟ್ಟಿತು. ಬಾಗಿಲಾಚೆ ನಿಂತಿದ್ದ ನನ್ನ ಗಂಡ "ಎಂತ, ನೀರ್ ಸಮ ಇತ್ತಾ?" ಎಂದು ಕೇಳಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದ ಮೇಲೆ, ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗಿದ್ದ ಆ ದನಿ ನನಗೆ ಸೋಪಿಗಿಂತ ವಿಚಿತ್ರವಾಗಿ ಕೇಳಿಸಿತು.

ನಮ್ಮ ಕುಂದಾಪುರದ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರು ಮುಂಬೈ ಹೋಟೆಲಿನಲ್ಲಿ, ಹೆಂಗಸರು ಊರಿನಲ್ಲಿ. ವರ್ಷಕ್ಕೆ ಒಂದು ತಿಂಗಳು ಸಂಸಾರ. ಇವರು ಬಾಂದ್ರಾದ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಮಲಗುವುದು ಹೋಟೆಲಿನವರದ್ದೇ ರೂಮಿನಲ್ಲಿ, ಎಂಟು ಜನರ ಜೊತೆ. ನಾನು ಅತ್ತೆಯ ಜೊತೆಗಿದ್ದು ಮಗಳನ್ನು ಬೆಳೆಸಿದೆ. ಮಗಳ ಮದುವೆಯಾಯಿತು, ಮರುವರ್ಷ ಅತ್ತೆ ತೀರಿಕೊಂಡರು. ಇನ್ನು ಇವಳು ಗಂಡನ ಹತ್ತಿರ ಇರಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ ಅನ್ನಿ.

ನನಗಾಗಿ ಇವರು ರೂಮು ಬಿಟ್ಟು ಜೋಗೇಶ್ವರಿಯಲ್ಲಿ ಮನೆ ಹಿಡಿದರು. ನಾಲ್ಕನೆಯ ಮಾಳಿಗೆ, ಒಂದು ಕೋಣೆ, ಒಂದು ಅಡಿಗೆಮನೆ, ಹನ್ನೊಂದು ತಿಂಗಳ ಕರಾರು. ಕಿಟಕಿ ತೆಗೆದರೆ ಎದುರಿನ ಕಾರ್ಖಾನೆಯ ತಗಡು ಮಾಡು, ಹಗಲಿಡೀ ತಗಡು ಕೊರೆಯುವ ಸದ್ದು. ಇಲ್ಲಿ ನೀರಿನಲ್ಲಿ ಎರಡು ಜಾತಿ. ಬೆಳಿಗ್ಗೆ ಒಂದು ಗಂಟೆ ಬರುವ ಮುನಿಸಿಪಾಲಿಟಿಯ ನೀರಿಗೆ ಮೀಠಾ ಪಾನಿ, ಅಂದರೆ ಸಿಹಿನೀರು ಎನ್ನುತ್ತಾರೆ. ಅದನ್ನು ಡ್ರಮ್ಮಿಗೆ ಹಿಡಿದಿಟ್ಟು ಕುಡಿಯಲು, ಅಡಿಗೆಗೆ ಬಳಸಬೇಕು. ಮಿಕ್ಕ ಹೊತ್ತು ಬಚ್ಚಲಿಗೆ ಬರುವುದು ಬೋರ್‌ವೆಲ್ಲಿನ, ಟ್ಯಾಂಕರಿನ ನೀರು. ಅದು ಖಾರಾ ಪಾನಿ, ಉಪ್ಪುನೀರು.

ಇದು ಕೇಳಿ ನನಗೆ ಒಳಗೊಳಗೆ ನಗು ಬಂತು. ಉಪ್ಪುನೀರಿನ ಪಾಠ ನನಗೆ ಹೇಳುತ್ತೀರಾ? ನಮ್ಮ ಊರಿನ ಬಾವಿಗೂ ಹೊಳೆಗೂ ನಡುವೆ ಒಂದು ಗದ್ದೆ ಮಾತ್ರ. ಬೇಸಗೆಯಲ್ಲಿ ಸಮುದ್ರದ ಭರತದ ನೀರು ಹೊಳೆಯಲ್ಲಿ ಮೇಲೆ ಬಂದರೆ ಬಾವಿ ಕೆಡುತ್ತದೆ. ಅತ್ತೆ ದಿನಾ ಬೆಳಿಗ್ಗೆ ಮೊದಲ ಕೊಡದಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, ಇವತ್ತು ಬೇಳೆ ಬೇಯುತ್ತದೋ ಇಲ್ಲವೋ ಎಂದು ಹೇಳುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನ್ನದಾಗಿತ್ತು. ಇಲ್ಲಿಯೂ ಹಾಗೇ ಮಾಡಿದೆ. ಬಚ್ಚಲಿನ ನಲ್ಲಿಗೆ ಬೆರಳೊಡ್ಡಿ ನಾಲಿಗೆಗೆ ಹಚ್ಚಿದೆ. ಉಪ್ಪಿಲ್ಲ. ನೀರು ಒಳ್ಳೆಯದೇ, ಈ ಊರಿನ ಸೋಪೇ ಮೋಸದ್ದು ಎಂದು ತೀರ್ಪು ಕೊಟ್ಟೆ.

ತೀರ್ಪು ಕೊಟ್ಟವಳು ಸುಮ್ಮನಿರಲಿಲ್ಲ. ಇವರ ಬಿಳಿ ಅಂಗಿಗಳು ಒಗೆದಷ್ಟೂ ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಸೋಪಿನ ಪುಡಿ ಎರಡು ಪಾಲು ಮಾಡಿದೆ. ಅದೂ ಸಾಲದೆ ಬಟ್ಟೆಸೋಡಾ ಹಾಕಿದೆ. ಒಣಗಿದ ಅಂಗಿ ಹಪ್ಪಳದಂತೆ ನಿಲ್ಲುತ್ತಿತ್ತು. ಹೆಂಡತಿ ಬಂದ ಮೇಲೆ ಬಟ್ಟೆಗೆ ಗಂಜಿ ಹಾಕಿದ ಕಳೆ ಬಂದಿದೆ ಎಂದು ಹೋಟೆಲಿನಲ್ಲಿ ತಮಾಷೆ ಮಾಡಿದರಂತೆ. ಇವರು ಅದನ್ನು ಬಂದು ಹೇಳಿದಾಗ ನಾನು ಹಿಗ್ಗಿದ್ದೆ.

ಮೂರು ತಿಂಗಳಾಗುವಷ್ಟರಲ್ಲಿ ಇವರ ಕೈ ಒಡೆಯಿತು. ಮೊದಲು ಬೆರಳ ಸಂದು, ಆಮೇಲೆ ಅಂಗೈ, ಆಮೇಲೆ ಅಂಗಿಯ ಕಾಲರು ತಾಗುವ ಕುತ್ತಿಗೆ. ಬಿರುಕಿನಲ್ಲಿ ರಕ್ತ ಕಾಣುತ್ತಿತ್ತು. ಸಪ್ಲೈಯರ್ ಆದವನ ಮುಖವನ್ನು ಗಿರಾಕಿ ನೋಡುವುದಿಲ್ಲ, ತಟ್ಟೆ ಇಡುವ ಕೈ ನೋಡುತ್ತಾನೆ. ಯಾರೋ ದೂರು ಹೇಳಿದರು. ಧಣಿಗಳು ಇವರನ್ನು ಒಳಗೆ ಉಗ್ರಾಣಕ್ಕೆ ಹಾಕಿದರು. ಚೌತಿಯೊಳಗೆ ಗುಣವಾಗದಿದ್ದರೆ ಊರಿಗೆ ಹೋಗಿ ಸ್ವಲ್ಪ ವಿಶ್ರಾಂತಿ ತೆಗೆದುಕೋ ಎಂದು ಮೆತ್ತಗೆ ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ಹಾಗೆ ವಿಶ್ರಾಂತಿಗೆ ಹೋದವರನ್ನು ಇವರು ಬಹಳ ಕಂಡಿದ್ದಾರೆ. ವಾಪಸು ಕರೆಸಿಕೊಂಡದ್ದು ಯಾರನ್ನೂ ಇಲ್ಲ.

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನಗೆ ಒಂದು ಗಳಿಗೆ ಸಂತೋಷವಾಯಿತು. "ಊರಿಗೇ ಹೋಪ, ಅಲ್ದಾ?" ಎಂದೆ.

ಇವರು ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. "ಊರಲ್ ನಾ ಎಂತ ಮಾಡುದ್? ರಜೆಗೆ ಬಂದವ್ನ ಹಾಂಗೆ ಎಷ್ಟ್ ದಿನ ಕೂಕಂಬುದ್?" ಎಂದರು.

ಆಗ ಹೊಳೆಯಿತು. ನಾನು ಇಲ್ಲಿ ಎಷ್ಟು ಹೊರಗಿನವಳೋ ಇವರು ಅಲ್ಲಿ ಅಷ್ಟೇ ಹೊರಗಿನವರು. ಇಬ್ಬರಿಗೂ ಒಟ್ಟಿಗೆ ಒಳಗಿನವರು ಅನ್ನಿಸುವ ಜಾಗವೇ ಇಲ್ಲ. ಸಯನ್‌ನಲ್ಲಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದೆವು. ಮುಲಾಮು ಕೊಟ್ಟು, ಸ್ನಾನದ ನೀರನ್ನೂ ಒಮ್ಮೆ ನೋಡಿಕೊಳ್ಳಿ ಎಂದರು. ನೀರು ಒಳ್ಳೆಯದೇ, ನಾನೇ ನೋಡಿದ್ದೇನೆ ಎಂದು ಅವರಿಗೂ ಹೇಳಿ ಬಂದೆ.

ನನ್ನ ಅಹಂಕಾರ ಇಳಿಸಿದವರು ಪಕ್ಕದ ಮನೆಯ ವೈಶಾಲಿತಾಯಿ. ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ. ಅಲ್ಲಿಯವರೆಗೆ ನಮ್ಮದು ಬರಿಯ ಮುಗುಳ್ನಗೆಯ ಪರಿಚಯ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮಲ್ಲಿ ಗಾದೆಯುಂಟು. ಇಲ್ಲಿ ನೀರೇ ಮನೆಯೊಳಗೆ ಬರುವುದರಿಂದ ಯಾರೂ ಯಾರಿಗೂ ಸಿಗುವುದಿಲ್ಲ. ಇಡೀ ದಿನ ಬಾಯಿ ತೆರೆಯದೆ ಕಳೆದ ದಿನಗಳು ನನಗೆ ಎಷ್ಟೋ. ಅವತ್ತು ಕೆಳಗಿನ ಅಂಗಡಿಯವನಿಗೆ ನಾಲ್ಕನೆಯ ಬಗೆಯ ಸೋಪು ಹಿಂದಿರುಗಿಸಿ, ಬಂದಷ್ಟು ಹಿಂದಿಯಲ್ಲಿ ಬೈಯುತ್ತಿದ್ದೆ. ಹಿಂದೆ ನಿಂತಿದ್ದ ವೈಶಾಲಿತಾಯಿ ನನ್ನ ಕೈ ಹಿಡಿದರು.

"ಸಾಬುನ್ ಕಾ ದೋಷ್ ನಹೀ ಭಾಭಿ. ಪಾನಿ ಮೇ ಕ್ಷಾರ್ ಹೈ."

ತಪ್ಪು ಸೋಪಿನದಲ್ಲ, ನೀರಿನಲ್ಲೇ ಕ್ಷಾರವಿದೆ ಎಂದವರು ಮನೆಗೆ ಕರೆದೊಯ್ದು ಎರಡು ಬಾಟಲಿ ತೋರಿಸಿದರು. ಒಂದಕ್ಕೆ ಡ್ರಮ್ಮಿನ ನೀರು, ಒಂದಕ್ಕೆ ನಲ್ಲಿಯ ನೀರು, ಎರಡಕ್ಕೂ ಒಂದೊಂದು ಚೂರು ಸೋಪು ಹಾಕಿ ಕುಲುಕಿದರು. ಮೊದಲಿನದು ಬಾಯಿತುಂಬ ನೊರೆ. ಎರಡನೆಯದರಲ್ಲಿ ಬಿಳಿ ಗಸಿ. ಇದು ಸಮುದ್ರದ ಉಪ್ಪಲ್ಲ, ಸುಣ್ಣದಂಥದ್ದು. ನಾಲಿಗೆಗೆ ಸಿಗುವುದಿಲ್ಲ, ಚರ್ಮಕ್ಕೆ ಸಿಗುತ್ತದೆ ಎಂದರು. ಅವರ ಬಚ್ಚಲಿನ ಗೋಡೆಯಲ್ಲಿ ಚೊಂಬಿನಷ್ಟು ದಪ್ಪದ ಒಂದು ಕೊಳವೆ ಇತ್ತು. ನೀರು ಮೆದುಮಾಡುವ ಸಾಫ್ಟ್‌ನರ್. ಅದರೊಳಗಿನ ಸಣ್ಣ ಮಣಿಗಳು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವಂತೆ.

ಮನೆಗೆ ಬಂದು ತಂತಿಯ ಮೇಲಿದ್ದ ಇವರ ಅಂಗಿ ಮುಟ್ಟಿ ನೋಡಿದೆ. ಸುಣ್ಣದ ನೀರು, ಹೋಗದೆ ಉಳಿದ ಸೋಪು, ಮೇಲೆ ನಾನು ಸುರಿದ ಸೋಡಾ. ಹೋಟೆಲಿನ ರೂಮಿನಲ್ಲಿ ಇಪ್ಪತ್ತಾರು ವರ್ಷ ಏನೂ ಆಗದ ಕೈ, ನಾನು ಬಂದು ನೂರು ದಿನದಲ್ಲಿ ಒಡೆಯಿತು. ಅತ್ತೆಯ ನಾಲಿಗೆಯನ್ನು ನಂಬಿ ಅವರ ಮಗನ ಕೈ ಸುಟ್ಟಿದ್ದೆ.

ಸಾಫ್ಟ್‌ನರ್ ವಿಷಯ ಎತ್ತಿದ ಕೂಡಲೆ ಇವರು ರಘುರಾಮಣ್ಣನ ಹೆಸರು ಹೇಳಿದರು. ಅವರು ನಮ್ಮ ಕಡೆಯವರೇ. ಹಿಂದೆ ಹೋಟೆಲಿನ ರೂಮಿನಲ್ಲಿ ಇವರ ಪಕ್ಕದ ಚಾಪೆ. ಈಗ ಸಯನ್‌ನಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದಾರೆ. ಮನೆಗೆ ಬಂದು ನಲ್ಲಿ ನೋಡಿದರು, ಕಾಫಿ ಕುಡಿದರು, ಊರಿನ ಸುದ್ದಿ ಕೇಳಿದರು. ಎಷ್ಟಾಗುತ್ತದೆ ಎಂದು ನಾನು ಕೇಳಿದಾಗ ಬೇಡವೆಂಬಂತೆ ಕೈ ಅಲ್ಲಾಡಿಸಿಬಿಟ್ಟರು.

"ಅತ್ತಿಗೆ, ನಮ್ಮೊಳಗೆ ದುಡ್ಡಿನ್ ಮಾತ್ ಎಂತಕೆ? ನಾ ಹಾಕಿ ಕೊಡ್ತೆ, ಮತ್ತೆ ಕಾಂಬ."

ಮರುದಿನ ಇವರಿಗೆ ಫೋನಿನಲ್ಲಿ ಹೇಳಿದ್ದು ಹದಿನೆಂಟು ಸಾವಿರ. ಇವರು ಮರುಮಾತಾಡದೆ ಒಪ್ಪಿದ್ದರು. ವೈಶಾಲಿತಾಯಿ ಹಾಕಿಸಿದ್ದು ಆರು ಸಾವಿರದೊಳಗೆ. ಅದನ್ನು ಹೇಳಿದರೆ ಇವರಿಗೆ ಮುಜುಗರ. "ಅವ ನಮ್ಮವ. ಕೇಂಬುಕೆ ಹ್ಯಾಂಗೆ ಆತ್ತ್?" ಎಂದು ಮುಖ ತಿರುಗಿಸಿದರು. ಮೀನು ಮಾರುವವಳ ಹತ್ತಿರ ಒಂದು ಬಂಗುಡೆಗೆ ಅರ್ಧ ಗಂಟೆ ಚರ್ಚೆ ಮಾಡುವ ಜನ ನಾವು. ನಮ್ಮವರು ಎಂದ ಕೂಡಲೆ ಬಾಯಿಗೆ ಬೀಗ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂದು ಅತ್ತೆ ಹೇಳುತ್ತಿದ್ದುದು ಇಂಥದಕ್ಕೇ. ಉಗ್ರಾಣಕ್ಕೆ ಹಾಕಿದ ಮೇಲೆ ಇವರಿಗೆ ಟಿಪ್ಸು ಇರಲಿಲ್ಲ, ಚೌತಿಗೆ ಐದು ವಾರ ಉಳಿದಿತ್ತು.

ಹಾಗಾಗಿ ನಾನೇ ಹೋದೆ. ಜೋಗೇಶ್ವರಿಯಿಂದ ಲೋಕಲ್ ಹತ್ತಿ, ದಾದರಿನಲ್ಲಿ ಸೇತುವೆ ದಾಟಿ ಇನ್ನೊಂದು ಲೈನಿನ ಗಾಡಿ ಹಿಡಿದು ಸಯನ್‌ನಲ್ಲಿ ಇಳಿದೆ. ಒಬ್ಬಳೇ ಹೋದದ್ದು ಅದೇ ಮೊದಲು. ದಾದರಿನ ಸೇತುವೆಯಲ್ಲಿ ನನ್ನನ್ನು ಯಾರೂ ತಳ್ಳಲಿಲ್ಲ, ಜನವೇ ಹೊತ್ತುಕೊಂಡು ಹೋಯಿತು. ಚೀಲದಲ್ಲಿ ಎರಡು ಬಾಟಲಿಗಳಿದ್ದವು.

ರಘುರಾಮಣ್ಣನ ಮೇಜಿನ ಮೇಲೆ ಎರಡನ್ನೂ ಇಟ್ಟು, ಸೋಪು ಹಾಕಿ ಕುಲುಕಿದೆ. ಅವರು ನೋಡುತ್ತ ಕೂತರು.

"ನೀವ್ ಹೇಳಿದ್ ಮಿಶಿನ್ ಎಷ್ಟ್ ಜನಕ್ಕೆ, ರಘುರಾಮಣ್ಣ?"

"ಆರ್ ಜನಕ್ಕೆ."

"ನಾವ್ ಇಬ್ರ್. ಉಳ್ದ್ ನಾಲ್ಕ್ ಜನ ಎಲ್ಲಿದ್ರ್?"

ಅವರು ನಗಲಿಲ್ಲ. "ಹೊರಗಿನವ್ರ ಹತ್ರ ಕೇಂಡ್ ನಮ್ಮವ್ರ ಹತ್ರ ಬಂದ್ರಿ, ಅಲ್ದಾ ಅತ್ತಿಗೆ?"

"ನಮ್ಮವ್ರ ಹತ್ರ ಕೇಂಬುಕೆ ನಾಚ್ಕೆ ಆಯ್ತ್. ಅದ್ಕೇ ಹೊರಗಿನವ್ರ ಹತ್ರ ಕೇಂಡೆ," ಎಂದೆ. "ಅವ್ರ ಕೈ ಕಂಡಿದ್ರಿ. ಆ ಕೈ ಗುಣ ಆಗದಿದ್ರೆ ನಾವ್ ಈ ಊರಲ್ ಇಪ್ಪುದಿಲ್ಲೆ. ಒಂದ್ ಬಚ್ಚಲಿಗ್ ಬೇಕಾದ್ದ್ ಹೇಳಿ, ಸಾಕ್."

ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ, ಚಿಕ್ಕದರ ಬೆಲೆ ಹೇಳಿದರು. ವೈಶಾಲಿತಾಯಿ ಕೊಟ್ಟಷ್ಟೇ. ಜೋಡಿಸುವ ಕೂಲಿ ಬೇಡ ಎಂದರು. ನಾನು ಕೊಡುತ್ತೇನೆ ಎಂದೆ. ಮೂರನೆಯ ದಿನ ಬಂದು ತಾವೇ ಕೂತು, ಒಂದು ಹನಿ ಸೋರದಂತೆ ಹಾಕಿದರು. ಕೆಲಸದಲ್ಲಿ ಒಂದು ಕೊರತೆ ಹೇಳುವಂತಿಲ್ಲ. ಕಾಫಿ ತಂದರೆ "ಈಗಷ್ಟೇ ಆಯ್ತ್" ಎಂದರು. ನಮ್ಮ ಕಡೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಆಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ. ಭಾನುವಾರ ಇವರಿಗೆ ಬರುತ್ತಿದ್ದ ಫೋನೂ ನಿಂತಿದೆ. ನ್ಯಾಯವಾದ ಬೆಲೆ ಸಿಕ್ಕಿತು, ಚಾಪೆಯ ಪಕ್ಕದ ಗೆಳೆಯ ಹೋದ. ಇವರು ಅದಕ್ಕಾಗಿ ನನ್ನನ್ನು ಒಂದು ಮಾತೂ ಅಂದಿಲ್ಲ, ಅದು ಇನ್ನೂ ಕಷ್ಟ.

ಹೊರಡುವ ಮೊದಲು ರಘುರಾಮಣ್ಣ ಒಂದು ವಿಷಯ ಹೇಳಿಕೊಟ್ಟಿದ್ದರು. ಒಳಗಿನ ಮಣಿಗಳು ಸುಣ್ಣ ಹಿಡಿದು ಹಿಡಿದು ಸುಸ್ತಾಗುತ್ತವೆ. ವಾರಕ್ಕೊಮ್ಮೆ ಅರ್ಧ ಕಿಲೋ ಕಲ್ಲುಪ್ಪು ಕರಗಿಸಿ ಹೊಯ್ದು ತೊಳೆದರೆ ಮತ್ತೆ ಚೇತರಿಸಿಕೊಳ್ಳುತ್ತವೆ.

"ಪ್ಯಾಕೆಟ್ ತಕಂಬುದ್ ಬೇಡ. ಇಪ್ಪತ್ತೈದ್ ಕಿಲೋ ಚೀಲ ತಕಣಿ. ಅರ್ಧ ರೇಟ್, ವರ್ಷ ಬತ್ತ್."

ಇವರ ಕೈ ಪೂರ್ತಿ ಗುಣವಾಯಿತು ಎನ್ನಲಾರೆ. ಮುಲಾಮಿನಿಂದಲೋ ನೀರಿನಿಂದಲೋ ನಾನು ಸೋಡಾ ನಿಲ್ಲಿಸಿದ್ದರಿಂದಲೋ ಬಿರುಕುಗಳು ಕೂಡಿಕೊಂಡವು, ಕಪ್ಪು ಗೆರೆಗಳು ಉಳಿದವು. ಚೌತಿ ಬಂತು, ಧಣಿಗಳು ಕೈ ನೋಡಿದರು. ಟೇಬಲಿಗೆ ಬಿಡಲಿಲ್ಲ, ಪಾರ್ಸೆಲ್ ಕಟ್ಟುವಲ್ಲಿ ನಿಲ್ಲಿಸಿದರು, ಗಿರಾಕಿಗೆ ಕಾಣದ ಮೂಲೆಯಲ್ಲಿ. ಕೆಲಸ ಉಳಿಯಿತು. ಇವರು ಮನೆಗೆ ಬಂದು ಅದನ್ನು ಹೇಳಿದ ಸಂಜೆ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸೋಪು ಕೈಯಲ್ಲಿ ಜಾರಿತು, ನೊರೆ ಬಂತು, ಮಳೆಗಾಲದ ನಮ್ಮ ಬಾವಿಯ ನೀರಿನ ಹಾಗೆಯೇ ಮೈಮೇಲೆ ಮೆತ್ತಗೆ ಇಳಿಯಿತು. ಇವರ ಕೆಲಸ ಉಳಿಯಿತೆಂದು ಸಮಾಧಾನ, ಊರಿಗೆ ಹೋಗುವುದು ತಪ್ಪಿತೆಂದು ದುಃಖ. ನಲ್ಲಿ ತಿರುಗಿಸಿ ಬಿಟ್ಟು, ಅದರ ಸದ್ದಿನಲ್ಲಿ ಅಳುತ್ತ ನಿಂತೆ.

ಊರಿನಲ್ಲಿ ನಾನು ಬಾವಿಗೆ ಉಪ್ಪು ಬರದಿರಲಿ ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದೆ. ಇಲ್ಲಿ ಪ್ರತಿ ಶುಕ್ರವಾರ ನೀರಿಗೆ ನಾನೇ ಉಪ್ಪು ಹೊಯ್ಯುತ್ತೇನೆ. ಅತ್ತೆ ಕಂಡಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಉಪ್ಪು ತರುವುದು ಕೆಳಗಿನ ಅಂಗಡಿಯಿಂದಲೇ, ನಾನು ಸೋಪಿಗಾಗಿ ಬೈದವನಿಂದ. ಎರಡು ವಾರಕ್ಕೆ ಒಂದು ಕಿಲೋ ಪ್ಯಾಕೆಟ್. ದೊಡ್ಡ ಚೀಲ ತೆಗೆದುಕೊಳ್ಳಿ ಎಂದು ಅವನು ಪ್ರತಿ ಸಲ ಹೇಳುತ್ತಾನೆ, ಮುಂದಿನ ಸಲ ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಸರಿಯಾದ ಬೆಲೆಗಾಗಿ ಸಯನ್‌ವರೆಗೆ ಹೋಗಿ ಜಗಳವಾಡಿ ಬಂದವಳು ಉಪ್ಪಿಗೆ ಮಾತ್ರ ಎರಡರಷ್ಟು ಕೊಡುತ್ತಿದ್ದೇನೆ. ಇಪ್ಪತ್ತೈದು ಕಿಲೋ ಮನೆಗೆ ಬಂದರೆ ಇನ್ನೊಂದು ವರ್ಷ ಇಲ್ಲೇ ಎಂದು ಒಪ್ಪಿಕೊಂಡ ಹಾಗೆ. ಅಷ್ಟು ಒಪ್ಪಲು ನನಗೆ ಆಗುವುದಿಲ್ಲ.

ಕಳೆದ ವಾರ ಜ್ವರ ಬಂದು ಮಲಗಿದ್ದೆ. ಉಪ್ಪು ಮುಗಿದಿದೆ, ತನ್ನಿ ಎಂದು ಇವರಿಗೆ ಹೇಳಿದೆ. ಲೆಕ್ಕಾಚಾರದ ಮನುಷ್ಯ, ಈ ಊರು ಬಿಡಲೊಲ್ಲದವರು, ಚೀಲವನ್ನೇ ಹೊತ್ತು ತರುತ್ತಾರೆ ಎಂದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಬಂದು ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಕಿಲೋ ಪ್ಯಾಕೆಟ್ ಇಟ್ಟರು.

"ಚೀಲ ತಕಂಡ್ ಬಪ್ಪುಕ್ ಆಗ್ತಿರ್ಲಿಲ್ಯಾ?" ಎಂದು ಕೇಳಿದೆ.

ಇವರು ಅಂಗೈಯ ಕಪ್ಪು ಗೆರೆಗಳನ್ನು ನೋಡಿಕೊಂಡರು. "ಇರ್ಲಿ," ಎಂದರು. "ಸದ್ಯಕ್ ಒಂದ್ ಕಿಲೋ ಸಾಕ್."