ಮಗುವಿನ ಕಡೆಯವರು

ಗೋದಾಬಾಯಿ ೧೯೮೩ರ ಆಗಸ್ಟ್ ಹನ್ನೊಂದು, ಗುರುವಾರ ಬೆಳಗಿನ ಜಾವ ಮದರಾಸಿನ ಕೀಲ್ಪಾಕ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು ಎಂದು ವೈದ್ಯರು ಹೇಳಿದರು. ಹಿಂದಿನ ಸಂಜೆ ನಮ್ಮ ಶಾಲೆಯಿಂದ ನೇರ ಮನೆಗೆ ಹೋದವರು ತಲೆನೋವೆಂದು ಮಲಗಿ ಮತ್ತೆ ಏಳಲಿಲ್ಲ. ನಲವತ್ತನಾಲ್ಕು ವರ್ಷ. ಮದುವೆಯಾಗಿರಲಿಲ್ಲ. ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು.

ನಾನು ಅವರ ಗೆಳೆಯ. ಆ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ನಮ್ಮ ಸ್ನೇಹ ಎರಡು ವರ್ಷದ್ದು, ಅದೂ ಬಹುಪಾಲು ಒಂದು ಪದದ ಜಗಳದಲ್ಲೇ ಕಳೆಯಿತು.

ಗೋದಾಬಾಯಿಯ ಅಕ್ಕ ತೀರಿಕೊಂಡಾಗ ಅವಳ ಮಗಳು ವಿನೋದಾಗೆ ಮೂರು ವರ್ಷ. ಅಪ್ಪ ರೈಲ್ವೆಯವನು. ಗುಂತಕಲ್ಲಿಗೆ ವರ್ಗವಾಗಿ ಹೋಗಿ ಅಲ್ಲೇ ಮರುಮದುವೆಯಾದ. ಮಗು ಗೋದಾಬಾಯಿಯ ಬಳಿ ಉಳಿಯಿತು. ಅವರ ಮನೆತನ ರಾಯಚೂರಿನ ಕಡೆಯದು, ಮದರಾಸಿಗೆ ಬಂದು ಎರಡು ತಲೆಮಾರಾಗಿದ್ದರೂ ಮನೆಯಲ್ಲಿ ಆ ಸೀಮೆಯ ಮಾತೇ ನಡೆಯುತ್ತಿತ್ತು. ವಿನೋದಾ ಮಾತ್ರ ಚಿಕ್ಕಮ್ಮನನ್ನು ಚಿತ್ತಿ ಎಂದು ತಮಿಳಿನಲ್ಲಿ ಕರೆಯುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಅದಕ್ಕೇ ಅವಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ್ದು. "ಆಕಿ ಅವ್ವನ ಕಾಗದ ಒಂದು ಪೆಟ್ಟಿಗಿ ಅವ. ದೊಡ್ಡಾಕಿ ಆದ್ಮ್ಯಾಲೆ ಯಾರ ಕಡಿಂದ ಓದಿಸ್ಕೋಬೇಕು?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ನಮ್ಮ ಕನ್ನಡ ವಿಭಾಗದಲ್ಲಿ ಮಕ್ಕಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದರು. ೧೯೮೧ರಲ್ಲಿ ಪೋಷಕ-ಶಿಕ್ಷಕ ಸಂಘ ಕಟ್ಟಿದರೆ ಮನೆಮನೆಯ ಸಂಪರ್ಕ ಉಳಿಯುತ್ತದೆ ಎಂದುಕೊಂಡು ನಾನೇ ಮೊದಲ ನೋಟೀಸು ಬರೆದೆ: 'ಪೋಷಕರ ಸಭೆ. ಎಲ್ಲ ಪೋಷಕರೂ ತಪ್ಪದೆ ಬರಬೇಕು.' ನೂರಿಪ್ಪತ್ತು ಮಕ್ಕಳ ಮನೆಗೆ ಹೋದ ನೋಟೀಸಿಗೆ ಬಂದವರು ಹನ್ನೊಂದು ಜನ. ಕಾರ್ಯದರ್ಶಿ ಯಾರಾಗುತ್ತೀರಿ ಎಂದರೆ ಹತ್ತು ಜನ ನೆಲ ನೋಡಿದರು. ಗೋದಾಬಾಯಿ ಕೈಯೆತ್ತಿದರು.

ಅವರು ಕೆಲಸ ಕಲಿತದ್ದು ಕಚೇರಿಗೆ ಬರುವ ವಿಮಾ ಏಜೆಂಟರನ್ನು ನೋಡಿ. ಮೊದಲ ಸಲ ಹೋದಾಗ ಕಾಫಿ ಕುಡಿದು ಬರಬೇಕು, ಸಂಘದ ಹೆಸರೆತ್ತಬಾರದು. ಎರಡನೇ ಸಲ ಮಗುವಿನ ವಿಷಯ ಮಾತಾಡಬೇಕು. ಮೂರನೇ ಸಲ ಸದಸ್ಯತ್ವದ ಅರ್ಜಿ ತೆಗೆಯಬೇಕು. ಅವರ ಕೈಚೀಲದಲ್ಲಿ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ಯಾರ ಮನೆಗೆ ಯಾವ ಹೊತ್ತಿಗೆ ಹೋಗಬಹುದು ಎಂಬುದಷ್ಟೇ ಇತ್ತು. ಯಾರಿಗೆ ಯಾವ ಪಾಳಿ, ಯಾರ ಅತ್ತೆಗೆ ಮಧ್ಯಾಹ್ನ ನಿದ್ದೆ, ಯಾರ ಬೀದಿಗೆ ನೀರಿನ ಲಾರಿ ಯಾವ ದಿನ.

ಎಣ್ಣೂರಿಗೂ ಹೋದರು. ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದ ರಾಮದಾಸನ ಇಬ್ಬರು ಮಕ್ಕಳು ನಮ್ಮಲ್ಲಿ ಓದುತ್ತಿದ್ದರು. ಮೂರನೇ ಸಲ ಹೋದಾಗಲೂ ಅವನು ಅರ್ಜಿಯನ್ನು ಮುಟ್ಟಲಿಲ್ಲವಂತೆ.

"ನಾವು ಅಷ್ಟು ದೊಡ್ಡೋರಲ್ಲ ಕಣಮ್ಮ."

"ದೊಡ್ಡೋರು ಯಾಕ್ರೀ ಬೇಕು? ಮಕ್ಕಳಿದ್ರ ಸಾಕಲ್ಲ."

"ಪೋಷಕರು ಅಂತ ಹಾಕವ್ರಲ್ಲ. ನಮ್ಮ ಕನ್ನಡ ಸಂಘದ ಕಟ್ಟಡದಾಗೆ ನೋಡಿವ್ನಿ, ಕಲ್ಲಿನಾಗೆ ಕೆತ್ತಿರ್ತಾರೆ, ಪೋಷಕರು ಅಂತ. ಎಲ್ಲಾ ಹೋಟ್ಲು ಇಟ್ಟೋರು, ಬಟ್ಟೆ ಅಂಗ್ಡಿಯೋರು. ನಾನೇನು ಕಟ್ಟಿಸ್ಕೊಡ್ಲಿ ಸ್ಕೂಲಿಗೆ?"

ಗೋದಾಬಾಯಿ ಮರುದಿನ ಶಾಲೆಗೆ ಬಂದು ನನ್ನ ಮೇಜಿನ ಮೇಲೆ ನೋಟೀಸು ಇಟ್ಟರು. "ಮಾಸ್ತರ್ರ, ನಿಮ್ಮ ನೋಟೀಸು ಓದಿ ಜನಾ ಹೆದರ್ಯಾರ. ದೇಣಿಗಿ ಕೊಡೋರನ್ನ ಕರೀಲಿಕತ್ತೀರಿ ಅಂತ ತಿಳದಾರ."

ಪದ ಸರಿಯಾಗಿಯೇ ಇದೆ, ಪೋಷಕರೆಂದರೆ ಸಾಕುವವರು ಎಂದು ನಾನು ವಾದಿಸಿದೆ.

"ಸರಿ ಅದ. ಸರಿ ಇರೋ ಪದಾ ಓದಿ ಹನ್ನೊಂದು ಮಂದಿ ಬಂದ್ರು. ತಮಿಳಿನವರು ಬೋರ್ಡಿನ ಮ್ಯಾಲೆ ಏನು ಬರೀತಾರ್ರಿ? ಪೆಟ್ರೋರ್. ಅಂದ್ರ ಹೆತ್ತವರು. ನಮ್ಮದ್ರಾಗೂ ಅದೇ ಮಾತು ಅದಲ್ಲ. ಹೆತ್ತವರು ಅಂದ್ರ ಯಾರು ಹೆದರ್ತಾರ?"

ಪೆನ್ನು ತೆಗೆದು ಅವರೇ ಪೋಷಕರು ಎಂಬುದನ್ನು ಹೊಡೆದು ಹೆತ್ತವರು ಎಂದು ಬರೆದರು. ನಾನು ಅದನ್ನೇ ಸಂಘದ ನಿಯಮಾವಳಿಯಲ್ಲೂ ಅಚ್ಚು ಹಾಕಿಸಿದೆ: 'ಈ ಶಾಲೆಯಲ್ಲಿ ಓದುವ ಮಕ್ಕಳ ಹೆತ್ತವರು ಸದಸ್ಯರಾಗಬಹುದು.' ಕರಡು ತಿದ್ದುವಾಗ ನನಗಾಗಲಿ ಅವರಿಗಾಗಲಿ ಏನೂ ಹೊಳೆಯಲಿಲ್ಲ.

ಜನ ಬಂದರು. ಒಂದೂವರೆ ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಸದಸ್ಯರಾದರು. ಸೇರಿದವರನ್ನು ಉಳಿಸಿಕೊಳ್ಳಲು ಗೋದಾಬಾಯಿಗೆ ಒಂದೇ ದಾರಿ ಗೊತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಸಣ್ಣ ಕೆಲಸ. ರಾಮದಾಸನಿಗೆ ಫ್ಯಾನು ನೋಡಿಕೊಳ್ಳುವುದು. ಸಭೆಯಲ್ಲಿ ಎಲ್ಲದಕ್ಕೂ ತಕರಾರು ತೆಗೆಯುತ್ತಿದ್ದ ಮುರಳೀಧರ ಎಂಬ ಬ್ಯಾಂಕ್ ಗುಮಾಸ್ತನ ಕೈಗೆ ಒಂದು ಗಂಟೆ ಕೊಟ್ಟರು. ಯಾರಾದರೂ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಬಾರಿಸಬೇಕು. ಅಂದಿನಿಂದ ಅವನು ಮಾತಾಡುವುದನ್ನೇ ಬಿಟ್ಟು ಗಡಿಯಾರ ನೋಡುತ್ತ ಕೂತ. ಬಾರದವರನ್ನು ಗೋದಾಬಾಯಿ ಗದರುತ್ತಿರಲಿಲ್ಲ. ಒಂದು ಕಾರ್ಡು ಹಾಕುತ್ತಿದ್ದರು: 'ಭಾನುವಾರ ನಿಮ್ಮ ಕುರ್ಚಿ ಖಾಲಿ ಇತ್ತು. ಬೇರೆ ಯಾರನ್ನೂ ಕೂಡಿಸಿಲ್ಲ.'

೧೯೮೩ರ ಮಾರ್ಚಿನಲ್ಲಿ ಆಡಳಿತ ಮಂಡಳಿ ಜೂನಿನಿಂದ ಆರನೇ ತರಗತಿಯ ಕನ್ನಡ ವಿಭಾಗ ಮುಚ್ಚುವ ಮಾತೆತ್ತಿತು. ವಿನೋದಾ ಆಗ ಐದನೆಯದರಲ್ಲಿದ್ದಳು. ಬಹಳ ಕೇಳಿಕೊಂಡ ಮೇಲೆ ಮಂಡಳಿ ಒಂದು ಷರತ್ತು ಹಾಕಿತು. ಏಪ್ರಿಲ್ ಹದಿನೇಳರ ಭಾನುವಾರ ಸಂಘದ ಸಭೆ ಸೇರಬೇಕು. ಕನಿಷ್ಠ ಐವತ್ತು ಸದಸ್ಯರು ಹಾಜರಿದ್ದು ವಿಭಾಗ ಬೇಕೆಂದು ಸಹಿ ಮಾಡಬೇಕು. ಎಣಿಸಲು ಮಂಡಳಿಯ ಪರವಾಗಿ ಭೋಜರಾಜ ಬರುತ್ತಾರೆ. ಭೋಜರಾಜರು ಮಂಗಳೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಕೆಟ್ಟವರಲ್ಲ. ಒಂದು ಕಾಗದವನ್ನು ಮೂರು ಸಲ ಓದುವವರು, ಅಷ್ಟೆ.

ಆ ಬೇಸಿಗೆ ಮದರಾಸಿನಲ್ಲಿ ನೀರಿರಲಿಲ್ಲ. ಲಾರಿ ಬಂದ ಕಡೆ ಜನ, ಜನ ಇದ್ದ ಕಡೆ ಕೊಡಗಳ ಸಾಲು. ಹದಿನೇಳರ ಮಧ್ಯಾಹ್ನ ಮೂರು ಗಂಟೆಗೆ ಎಷ್ಟೋ ಸದಸ್ಯರು ಸಾಲಿನಲ್ಲಿ ನಿಂತಿದ್ದರು. ಆದರೂ ನಾಲ್ಕಕ್ಕೆ ಸಹಿ ಐವತ್ತಾಯಿತು. ಐವತ್ತನೆಯದು ಗೋದಾಬಾಯಿಯದು.

ಭೋಜರಾಜರು ಒಂದು ಕೈಯಲ್ಲಿ ಹಾಜರಿ ಪಟ್ಟಿ, ಇನ್ನೊಂದು ಕೈಯಲ್ಲಿ ನಿಯಮಾವಳಿ ಹಿಡಿದು ಓದಿದರು. ಕನ್ನಡಕ ತೆಗೆದರು.

"ಗೋದಾಬಾಯಿಯವರೇ, ಬೇಸರ ಮಾಡಬೇಡಿ. ಇದರಲ್ಲಿ ಹೆತ್ತವರು ಅಂತ ಉಂಟು. ನೀವು ಆ ಹುಡುಗಿಯ..."

"ಚಿಕ್ಕಮ್ಮ."

"ಅದೇ. ಹುಡುಗಿಯ ತಂದೆ ಇದ್ದಾರಲ್ಲ? ಅವರು ಬಂದು ಸಹಿ ಹಾಕಿದರೆ ನಂದೇನೂ ಅಡ್ಡಿ ಇಲ್ಲ. ನಿಮ್ಮದನ್ನು ನಾನು ಹೇಗೆ ಎಣಿಸುವುದು?"

ನಾನು ಎದ್ದು ಏನೋ ಹೇಳಹೊರಟೆ. ಗೋದಾಬಾಯಿ ಕೈ ಅಡ್ಡ ಹಿಡಿದರು. "ಆ ಪದಾ ನಾನೇ ಬರದದ್ದು ಬಿಡ್ರಿ," ಎಂದರು. ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. ನೋಟುಪುಸ್ತಕ ತೆರೆದು ಒಂದು ಪುಟ ನೋಡಿದರು. "ಮಾಸ್ತರ್ರ, ಮುಕ್ಕಾಲು ತಾಸು ಸಭಾ ಮುಗೀಬಾರದು," ಎಂದು ನನ್ನ ಕಿವಿಯಲ್ಲಿ ಹೇಳಿ ಹೊರಟರು.

ಅವರು ಹೋದದ್ದು ಎರಡು ಬೀದಿ ಆಚೆ ಕಲಾವತಿಯ ಮನೆಗೆ. ಕಲಾವತಿ ಕೋಲಾರದ ಕಡೆಯ ಹೆಂಗಸು. ಮಗ ನಾಲ್ಕನೆಯದರಲ್ಲಿದ್ದ. ಅಲ್ಲಿ ನಡೆದದ್ದನ್ನು ಕಲಾವತಿಯೇ ನನಗೆ ಹೇಳಿದ್ದು. ಅವಳು ಬೀದಿಯ ಸಾಲಿನಲ್ಲಿ ಕೊಡಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳಂತೆ.

"ಕಲಾವತಿ, ನೀವು ಹೋಗಿ ಸಹಿ ಹಾಕಿ ಬರ್ರಿ. ನಾ ನಿಲ್ತೀನಿ."

"ಅಯ್ಯೋ ಅಕ್ಕಾ, ತಣ್ಣಿ ಲಾರಿ ಬರೋ ಟೈಮು. ಬಿಟ್ರೆ ಇನ್ನು ಬುಧವಾರವೇ."

"ಅದಕ್ಕ ನಾ ನಿಲ್ತೀನಿ ಅಂದದ್ದು."

"ನೀವಾ? ಸೆಕ್ರೆಟರಿ ಇಲ್ಲಿ ನಿಂತ್ರೆ ಅಲ್ಲಿ ಮೀಟಿಂಗ್ ಯಾರು ಮಾಡ್ತಾರೆ?"

"ಮೀಟಿಂಗಿಗೆ ಹೆತ್ತಾಕಿನೇ ಬೇಕಂತ. ನೀರಿಗೆ ಯಾರಾದ್ರೂ ಆಗ್ತದ. ಓಡ್ರಿ."

ಕಲಾವತಿಗೆ ಅರ್ಥವಾಗಲಿಲ್ಲ. ಆದರೂ ಎದ್ದಳು. ಹತ್ತು ಹೆಜ್ಜೆ ಹೋಗಿ ತಿರುಗಿ ಕೂಗಿದಳು: "ಅಕ್ಕಾ, ನೀಲಿ ಕೊಡ ತೂತು! ಅದನ್ನ ಕೊನೇಗೆ ಹಿಡೀರಿ! ಮುಂದೆ ನಿಂತಿರೋ ಆ ಯಮ್ಮ ನುಗ್ತಾಳೆ, ಬಿಡಬೇಡಿ!"

ಇತ್ತ ಸಭೆಯಲ್ಲಿ ಹೇಳಲು ನನ್ನ ಬಳಿ ಹತ್ತು ನಿಮಿಷದ ಮಾತೂ ಇರಲಿಲ್ಲ. ಆಗ ಮುರಳೀಧರ ಎದ್ದು ನಿಂತ. ಕುಡಿಯುವ ನೀರಿನ ತೊಟ್ಟಿ, ಹಿಂದಿನ ಗೇಟಿನ ಚಿಲಕ, ಗಣಿತದ ಪುಸ್ತಕದ ತೂಕ ಇವುಗಳ ಬಗ್ಗೆ ಅವನು ಮೂವತ್ತೈದು ನಿಮಿಷ ಮಾತಾಡಿದ. ಒಂದೂವರೆ ವರ್ಷದ ಬಾಕಿ ಅದು.

"ನಿಮ್ಮ ಗಂಟೆ ಎಲ್ಲಿ ಮಾರಾಯ್ರೆ?" ಎಂದರು ಭೋಜರಾಜರು.

"ರಿಪೇರಿಗೆ ಹೋಗಿದೆ ಸಾರ್," ಎಂದ. ಗಂಟೆ ಅವನ ಮುಂದೆಯೇ ಇತ್ತು. ಭೋಜರಾಜರು ಅದನ್ನು ನೋಡಿ, ಕಿಟಕಿಯ ಹೊರಗೆ ನೋಡುತ್ತ ಕೂತರು.

ಕಲಾವತಿ ಬಂದು ಸಹಿ ಮಾಡಿದಳು. ಭೋಜರಾಜರು ಮೊದಲಿನಿಂದ ಎಣಿಸಿದರು. "ಐವತ್ತು. ಸರಿ ಉಂಟು," ಎಂದು ಕೆಳಗೆ ತಮ್ಮ ಸಹಿ ಹಾಕಿದರು. ಆರನೇ ತರಗತಿ ಉಳಿಯಿತು. ನಾನು ಹೇಳಲು ಓಡಿದಾಗ ಗೋದಾಬಾಯಿ ಸೆರಗು ಸಿಕ್ಕಿಸಿಕೊಂಡು ನೀಲಿ ಕೊಡದ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಬೀದಿಯಲ್ಲಿ ನಿಂತಿದ್ದರು. "ಐವತ್ತೂ ಆತಾ?" ಎಂದರು. ಆಯಿತು ಎಂದೆ. "ಒಂದು ಕೊಡಾ ಎತ್ರಿ ಹಂಗಾರ," ಎಂದರು.

ಮರುದಿನ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರೊಬ್ಬರಿಗೆ ವಿನಾಯಿತಿ ಕೊಡೋಣವೆಂದು ನಾವೆಲ್ಲ ಹೇಳಿದೆವು. ಒಪ್ಪಲಿಲ್ಲ. ನೋಟುಪುಸ್ತಕದ ಏಳು ಹೆಸರು ತೋರಿಸಿದರು. ಅಜ್ಜಿ, ಸೋದರಮಾವ, ದೊಡ್ಡಪ್ಪ, ಇಬ್ಬರು ಅಕ್ಕಂದಿರು, ಹೀಗೆ ಮಕ್ಕಳನ್ನು ಸಾಕುತ್ತಿದ್ದವರು. ಹೆತ್ತವರು ಎಂದು ಬರೆದಂದಿನಿಂದ ಅವರಲ್ಲಿ ಒಬ್ಬರೂ ಸಭೆಗೆ ಬಂದಿರಲಿಲ್ಲ. "ಇವರೂ ತಮ್ಮಷ್ಟಕ್ಕೆ ಗೆರಿ ಎಳಕೊಂಡಾರ ಮಾಸ್ತರ್ರ. ನನಗ ಕಾಣಲಿಲ್ಲ. ನನಗೊಬ್ಬಾಕಿಗೆ ವಿನಾಯಿತಿ ತಗೊಂಡು ಏನ ಮಾಡ್ಲಿ? ಪದಾ ಹುಡುಕ್ರಿ."

ನಾನು ಪಾಲಕರು ಎಂದೆ. "ರಾಜ್ಯಪಾಲರ ಹಂಗ ಕೇಳಸ್ತದ. ರಾಮದಾಸ ಮತ್ತ ಹೆದರ್ತಾನ." ಅವರೇ ಮನೆಯವರು ಎಂದು ಬರೆದು ಕಲಾವತಿಗೆ ತೋರಿಸಿದರು. ಕಲಾವತಿ ಬಾಯಿಗೆ ಸೆರಗು ಹಿಡಿದು ನಕ್ಕಳು: "ಮನೆಯವರು ಬರಬೇಕು ಅಂತ ಬರೆದ್ರೆ ನಾವೆಲ್ಲ ಗಂಡಂದಿರನ್ನ ಕಳಿಸಿ ಮನೇಲೇ ಕೂತ್ಕೋತೀವಿ ಅಷ್ಟೆ!" ಅದೂ ಹೋಯಿತು.

ಜುಲೈ ಕೊನೆಯ ಶನಿವಾರ ಶಾಲೆಯ ಆಟೋಟ ಇತ್ತು. ಹಗ್ಗದ ಒಳಗೆ ಮಕ್ಕಳ ಹೆತ್ತವರಿಗೆ ಮಾತ್ರ ಜಾಗ. ಗೋದಾಬಾಯಿ ಹಗ್ಗದ ಹೊರಗೆ ಬಿಸಿಲಲ್ಲಿ ನಿಂತಿದ್ದರು. ನಾನು ಕರೆದರೂ ಬರಲಿಲ್ಲ. ವಿನೋದಾ ನೂರು ಮೀಟರ್ ಓಡಿ ನಾಲ್ಕನೆಯವಳಾಗಿ ಬಂದು, ಹಗ್ಗ ಎತ್ತಿ, ಚಿಕ್ಕಮ್ಮನ ಕೈ ಹಿಡಿದು ಒಳಗೆ ಎಳೆದಳು. ಅದು ಯಾರು ಎಂದು ಡ್ರಿಲ್ ಮೇಷ್ಟ್ರು ತಮಿಳಿನಲ್ಲಿ ಕೇಳಿದರು. ಮೇಲುಸಿರಿನಲ್ಲೇ ಅವಳು "ಅವಂಗ ಎಂಗ ಸೈಡ್ ಸಾರ್!" ಎಂದಳು. ಕಬಡ್ಡಿಯಲ್ಲಿ ಹೇಳುವ ಹಾಗೆ. ಅವರು ನಮ್ಮ ಕಡೆಯವರು.

ಗೋದಾಬಾಯಿ ನನ್ನ ಮುಖ ನೋಡಿದರು. "ಕೇಳಿದ್ರ್ಯಾ?"

"ಕೇಳಿದೆ."

"ಗಂಡಿನ ಕಡೆಯವರು ಅಂತೀವಿ, ಹೆಣ್ಣಿನ ಕಡೆಯವರು ಅಂತೀವಿ. ಮಗುವಿನ ಕಡೆಯವರು ಅಂದ್ರ ಯಾರಿಗೆ ತಿಳಿಯಂಗಿಲ್ಲ?"

ನನಗೆ ವ್ಯಾಕರಣದ ತಕರಾರು ಒಂದೂ ಸಿಗಲಿಲ್ಲ. ಆಗಸ್ಟ್ ಹದಿನಾಲ್ಕರ ಭಾನುವಾರಕ್ಕೆ ತಿದ್ದುಪಡಿ ಸಭೆ ಗೊತ್ತಾಯಿತು. ಅನುಮೋದಿಸುತ್ತೇನೆ ಎಂದು ಭೋಜರಾಜರೇ ಹೇಳಿ ಕಳಿಸಿದರು. ಗೋದಾಬಾಯಿ ತೀರಿಕೊಂಡ ಮೂರು ದಿನಕ್ಕೆ ಸಭೆ ನಡೆಯಿತು. ಆ ಏಳು ಮಂದಿಯಲ್ಲಿ ಆರು ಜನ ಬಂದಿದ್ದರು. ಪದ ಬದಲಾಯಿತು. ವಿನೋದಾ ಈಗ ಅಜ್ಜಿ, ಅಂದರೆ ಗೋದಾಬಾಯಿಯ ತಾಯಿಯ ಜೊತೆ ಇದ್ದಾಳೆ, ಆರನೆಯದರಲ್ಲಿ ಕನ್ನಡ ಓದುತ್ತಿದ್ದಾಳೆ.

ಹತ್ತನೆಯ ತಾರೀಕು, ಬುಧವಾರ ಸಂಜೆ ಗೋದಾಬಾಯಿ ಕಚೇರಿಯಿಂದ ನೇರ ಶಾಲೆಗೆ ಬಂದಿದ್ದರು. ಆ ಏಳು ಮನೆಗೆ ಬರೆದ ಕಾರ್ಡುಗಳನ್ನು ಅಂಚೆಗೆ ಹಾಕಿ ಬಂದೆ ಎಂದರು. ತಲೆ ಸ್ವಲ್ಪ ಸಿಡಿಯುತ್ತಿದೆ ಎಂದರು. ಕಾಫಿ ಬೇಡ ಎಂದರು. ಒಂದು ಖಾಲಿ ಅರ್ಜಿ ಕೇಳಿದರು. ಇಷ್ಟು ಜನರಿಂದ ತುಂಬಿಸಿದ್ದರೂ ತಮ್ಮ ಹೆಸರಿನಲ್ಲಿ ಅವರು ಅದನ್ನು ಎಂದೂ ತುಂಬಿರಲಿಲ್ಲ. ಭಾನುವಾರ ತಿದ್ದುಪಡಿ ಆದ ಕೂಡಲೇ ಮೊದಲು ಇದನ್ನು ತೆಗೆದುಕೊಳ್ಳಬೇಕು ಎಂದರು. ಕಿಟಕಿಯ ಬಳಿ ನಿಂತೇ ತುಂಬಿದರು. ಹೆಸರು, ವಿಳಾಸ, ಮಗುವಿನ ಹೆಸರು, ತರಗತಿ. 'ಮಗುವಿಗೆ ಏನಾಗಬೇಕು' ಎಂಬಲ್ಲಿ 'ಕಡೆಯವಳು' ಎಂದು ಬರೆದರು. ಸಹಿ ಹಾಕಿ, ಶಾಯಿ ಆರಲೆಂದು ಊದಿ, ಅರ್ಜಿಯನ್ನು ನನ್ನ ಕೈಗೆ ಕೊಟ್ಟರು.